ಮಾಣಿಕ್ಯಕ್ಕೆ ಸ್ಯಾಂಪಲ್ ಕೇಳಿದ ಕೊಟ್ರಬಸಪ್ಪ

ಕಂಪ್ಲಿಯ ಭತ್ತದ ವ್ಯಾಪಾರದಲ್ಲಿ ಕೊಟ್ರಬಸಪ್ಪನವರ ಅಂಗೈಗೆ ಯಂತ್ರಕ್ಕಿಂತ ಹೆಚ್ಚು ಬೆಲೆಯಿತ್ತು. ಭತ್ತ ಹಸಿ ಇದೆ ಎಂದು ಮಿಲ್ಲಿನವರು, ಒಣಗಿದೆ ಎಂದು ರೈತರು ಹಟ ಹಿಡಿದಾಗ ಅವರನ್ನು ಕರೆಸುತ್ತಿದ್ದರು. ಅವರು ಬಂದು, ಚೀಲಕ್ಕೆ ಚುಚ್ಚಿ ತೆಗೆದ ಹಿಡಿ ಭತ್ತವನ್ನು ಎರಡು ಕೈಗಳ ನಡುವೆ ತಿಕ್ಕಿ, ಹೊಟ್ಟು ಊದಿ, ಒಂದು ಅಕ್ಕಿಕಾಳನ್ನು ಮುಂದಿನ ಹಲ್ಲಿಗೆ ಕೊಟ್ಟು ಮುರಿಯುತ್ತಿದ್ದರು. ಮುರಿದ ಸದ್ದನ್ನು ಕೇಳಿಸಿಕೊಂಡು, 'ಇನ್ನೊಂದು ಬಿಸಿಲು ಬೇಕು' ಎಂದೋ 'ತೂಕಕ್ಕೆ ಹಾಕ್ರಿ' ಎಂದೋ ಹೇಳಿ ಎದ್ದು ಹೋಗುತ್ತಿದ್ದರು. ಅಲ್ಲಿಗೆ ಜಗಳ ಮುಗಿಯುತ್ತಿತ್ತು. ಅದರ ಮೇಲೆ ಯಾರೂ ತೇವದ ಮೀಟರ್ ಹಾಕಿ ನೋಡುತ್ತಿರಲಿಲ್ಲ.

ಈ ಗುಣವನ್ನು ಅವರು ಭತ್ತಕ್ಕೆ ಮಾತ್ರ ಸೀಮಿತ ಮಾಡಿರಲಿಲ್ಲ. ಹೊಸಪೇಟೆಯಲ್ಲಿ ಬಾಳೆಹಣ್ಣು ಕೊಂಡರೆ ಗೊನೆಯ ಒಳಸಾಲಿನಿಂದ ಒಂದು ಕಿತ್ತು ತಿಂದೇ ರೇಟು ಕೇಳುತ್ತಿದ್ದರು. ಹಂಪಿಯಲ್ಲಿ ವಿರೂಪಾಕ್ಷನಿಗೆ ಒಡೆಯುವ ತೆಂಗಿನಕಾಯಿಯನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ, ನೀರು ಕಡಿಮೆ ಎಂದು ವಾಪಸ್ ಕೊಟ್ಟವರು. ಮಗಳು ಪೂಜಿತಾಳನ್ನು ನೋಡಲು ಬಂದ ವರನಿಗೆ ಉಪ್ಪಿಟ್ಟಿನ ತಟ್ಟೆಯ ಜೊತೆ ಅಂದಿನ ಪತ್ರಿಕೆಯನ್ನೂ ಕೊಟ್ಟು, ಕೊನೆಯ ಪುಟದ ಸಣ್ಣ ಅಕ್ಷರದ ಜಾಹೀರಾತನ್ನು ಗಟ್ಟಿಯಾಗಿ ಓದಿಸಿದ್ದರು. ಹುಡುಗನ ಕಣ್ಣು ಸರಿಯಿದೆ ಎಂದು ಖಾತ್ರಿಯಾದ ಮೇಲೆಯೇ ಮಾತು ಮುಂದುವರಿದದ್ದು.

ಕೊಟ್ರಬಸಪ್ಪನವರಿಗೆ ಮೋಸ ಮಾಡುವ ಮಗ ಇನ್ನೂ ಹುಟ್ಟಿಲ್ಲ ಎಂದು ಊರಲ್ಲಿ ಹೇಳುತ್ತಿದ್ದರು. ಈ ಮಾತೇ ಅವರ ನಿಜವಾದ ಆಸ್ತಿ. ತಮ್ಮ ಅಕ್ಕಿ ಮಿಲ್ಲನ್ನು ಬ್ಯಾಂಕಿಗೆ ಒತ್ತೆ ಇಟ್ಟಿದ್ದರು. ಈ ಮಾತನ್ನು ಎಲ್ಲಿಯೂ ಇಟ್ಟಿರಲಿಲ್ಲ.

ಅರವತ್ತರ ಹತ್ತಿರ ಬಂದಾಗ ಅವರಿಗೆ ಅಕ್ಕಿ ಗಿರಣಿ ಮಾಲೀಕರ ಸಂಘದ ಅಧ್ಯಕ್ಷರಾಗುವ ಹಳೆಯ ಆಸೆ ಮತ್ತೆ ಚಿಗುರಿತು. ಆ ಹುದ್ದೆಯಿಂದ ಬರುವುದು ಒಂದು ತಿರುಗುವ ಕುರ್ಚಿ, ವರ್ಷಕ್ಕೊಮ್ಮೆ ಹಾರ, ಅಧಿಕಾರಿಗಳು ಬಂದಾಗ ಮೊದಲ ಸಾಲಿನಲ್ಲಿ ಚಹ. ಇಷ್ಟಕ್ಕೆ ಹಿಂದೆ ಎರಡು ಸಲ ಪ್ರಯತ್ನಿಸಿ ಸೋತಿದ್ದರು. ಹೊಸಪೇಟೆಯ ಜ್ಯೋತಿಷಿಯೊಬ್ಬರು ಕುಂಡಲಿ ಬಿಡಿಸಿ, ಅಧಿಕಾರ ಕೊಡುವ ರವಿ ಬಲಹೀನನಾಗಿದ್ದಾನೆ, ಒಳ್ಳೆಯ ಮಾಣಿಕ್ಯವನ್ನು ಬಂಗಾರದಲ್ಲಿ ಕಟ್ಟಿಸಿ ರಥಸಪ್ತಮಿಯ ಬೆಳಿಗ್ಗೆ ಉಂಗುರದ ಬೆರಳಿಗೆ ಧರಿಸಬೇಕು ಎಂದರು. ಕಲ್ಲಿನ ತಳ ಚರ್ಮಕ್ಕೆ ತಾಕಬೇಕು ಎಂದೂ ಸೇರಿಸಿದರು.

ಹೆಂಡತಿ ಚೆನ್ನಬಸಮ್ಮ ಇದನ್ನು ಕೇಳಿ ಹುಬ್ಬು ಹಾರಿಸಿದರು.

"ಎದಿ ಮ್ಯಾಲೆ ಲಿಂಗ ಕಟ್ಟಿಕೊಂಡೀರಿ. ಬೆರಳಿಗೆ ಬ್ಯಾರೆ ಸೂರ್ಯ ಬೇಕೇನ್ರಿ?"

"ಲಿಂಗ ಮೋಕ್ಷಕ್ಕ. ಇದು ಸಂಘಕ್ಕ."

"ಸಂಘದಾಗ ಓಟು ಹಾಕವ್ರು ಮೂವತ್ತು ಮಂದಿ. ಅವ್ರ ಮನಿಗೆ ಹೋಗಿ ಕೈ ಮುಗುದ್ರ ಸಾಕಿತ್ತು."

"ಅದು ಬ್ಯಾಡ. ನಾ ಯಾರ ಮುಂದೂ ಕೈ ಮುಗಿಯಂಗಿಲ್ಲ."

ಮೊದಲು ಅವರು ಹೊಸಪೇಟೆಯ ಒಂದು ಹಳೆಯ ಬಂಗಾರದ ಅಂಗಡಿಗೆ ಹೋದರು. ಅಂಗಡಿಯವರು ಹುರುಳಿಕಾಳಿಗಿಂತ ತುಸು ದೊಡ್ಡದಾದ ಒಂದು ಕಲ್ಲನ್ನು ಮುಂದಿಟ್ಟು ಬೆಲೆ ಹೇಳಿದರು. ಒಂದು ಲಾರಿ ಸೋನಾಮಸೂರಿಯ ಬೆಲೆ. 'ಬೇಕಾದ ಕಡೆ ಪರೀಕ್ಷೆ ಮಾಡಿಸ್ಕೊಂಡು ಬರ್ರಿ, ಆಮೇಲೆ ರೊಕ್ಕ ಕೊಡ್ರಿ' ಎಂದರು. ಕೊಟ್ರಬಸಪ್ಪನವರು ಕಲ್ಲಿಗಿಂತ ಮೊದಲು ಅಂಗಡಿಯ ಏಸಿಯನ್ನು, ಗಾಜಿನ ಬಾಗಿಲನ್ನು, ಬಾಗಿಲು ತೆರೆಯಲು ನಿಂತಿದ್ದ ಕಾವಲುಗಾರನನ್ನು ನೋಡಿದರು. ಇವೆಲ್ಲದರ ಖರ್ಚು ಆ ಹುರುಳಿಕಾಳಿನ ತಲೆಯ ಮೇಲೆ ಕೂತಿದೆ ಎಂದು ಲೆಕ್ಕ ಹಾಕಿ ಎದ್ದರು.

ಆ ವಾರವೇ ಫೋನಿನಲ್ಲಿ ಜೈಪುರದ ಸೇಠ್ ಒಬ್ಬ ಸಿಕ್ಕ. ಅವನ ವಿಡಿಯೊದಲ್ಲಿ ಅವರೆಕಾಳಿನ ಗಾತ್ರದ ಮಾಣಿಕ್ಯ, ಅದೇ ಬೆಲೆಗೆ, ಕರಿ ಬಟ್ಟೆಯ ಮೇಲೆ ಹೊಳೆಯುತ್ತಿತ್ತು. ಸೋನಾಮಸೂರಿಯನ್ನು ಯಾರಾದರೂ ರೇಷನ್ ಅಕ್ಕಿಯ ಬೆಲೆಗೆ ಕೊಡುತ್ತೇನೆಂದು ಬಂದರೆ ಕೊಟ್ರಬಸಪ್ಪನವರು ಅವನನ್ನು ಗೇಟಿನ ಒಳಗೆ ಬಿಡುತ್ತಿರಲಿಲ್ಲ. ಕಲ್ಲಿನ ವಿಷಯದಲ್ಲಿ ಅವರಿಗೆ ಅನ್ನಿಸಿದ್ದು, ಮಧ್ಯದ ದಲ್ಲಾಳಿಯನ್ನು ತಾವು ತಪ್ಪಿಸಿದ್ದೇವೆ ಎಂದು.

ಹಾಗೆಂದು ಅವರು ಕುರುಡಾಗಿ ನಂಬಲಿಲ್ಲ. ಎಚ್ಚರಿಕೆಯಲ್ಲಿ ಯಾವ ಕೊರತೆಯನ್ನೂ ಮಾಡಲಿಲ್ಲ. ವಿಡಿಯೊ ಕರೆಯಲ್ಲಿ ಕಲ್ಲನ್ನು ಬಿಸಿಲಿಗೆ ಹಿಡಿದು ತೋರಿಸಲು ಹೇಳಿದರು. ಜೈಪುರದಲ್ಲಿ ಅಂದು ಮೋಡ ಎಂದು ಸೇಠ್ ಹೇಳಿದ. ಮರುದಿನವೂ ಮೋಡವೇ ಇತ್ತು. ಆಗ ಕೊಟ್ರಬಸಪ್ಪನವರು ತಮ್ಮ ದೊಡ್ಡ ಅಸ್ತ್ರ ತೆಗೆದರು. ಮಿಲ್ಲಿನ ಕಚೇರಿಯಲ್ಲಿ ಗುಮಾಸ್ತನೂ ಇಬ್ಬರು ಹಮಾಲರೂ ಕೇಳುತ್ತಿರುವಾಗ, ಕಂಪ್ಲಿ ಬಜಾರಿನ ಹಿಂದಿಯಲ್ಲಿ ಹೇಳಿದರು: "ಸ್ಯಾಂಪಲ್ ಭೇಜೋ ಸೇಠ್‌ಜೀ. ಸ್ಯಾಂಪಲ್ ಬಿನಾ ಹಮ್ ಬಾತ್ ನಹೀ ಕರ್ತೇ."

ಸ್ಯಾಂಪಲ್ ನೋಡದೆ ನಾವು ಮಾತೇ ಆಡುವುದಿಲ್ಲ ಎಂದು ಅರ್ಥ. ಮಾಣಿಕ್ಯಕ್ಕೆ ಸ್ಯಾಂಪಲ್ ಕೇಳಿದ ಗಿರಾಕಿಯನ್ನು ಸೇಠ್ ಅಲ್ಲಿಯವರೆಗೆ ಕಂಡಿರಲಿಕ್ಕಿಲ್ಲ. ಅವನು ಬಹಳ ಸಂತೋಷದಿಂದ ಒಪ್ಪಿಕೊಂಡ.

ಅಕ್ಕಿಯ ವ್ಯಾಪಾರದಲ್ಲಿ ಇದು ತಪ್ಪಲ್ಲ. ಕಾಗದದ ಪೊಟ್ಟಣದಲ್ಲಿ ಹಿಡಿ ಅಕ್ಕಿ ಕಳಿಸುತ್ತಾರೆ, ಕೊಳ್ಳುವವರು ಅದನ್ನು ನೋಡಿ ಇಡೀ ಲಾರಿಗೆ ರೇಟು ಕಟ್ಟುತ್ತಾರೆ. ಒಂದೇ ರಾಶಿಯ ಕಾಳು ಆದ್ದರಿಂದ ಹಿಡಿಯ ಗುಣವೇ ಲೋಡಿನ ಗುಣ. ಕಲ್ಲಿಗೆ ರಾಶಿ ಎಂಬುದಿಲ್ಲ. ನೆಲದೊಳಗೆ ಪಕ್ಕಪಕ್ಕದಲ್ಲಿ ಬಿದ್ದಿದ್ದರೂ ಒಂದು ಕಲ್ಲು ಇನ್ನೊಂದರ ಪರವಾಗಿ ಸಾಕ್ಷಿ ಹೇಳುವುದಿಲ್ಲ. ನಲವತ್ತು ವರ್ಷ ಅಕ್ಕಿಯನ್ನು ಮಾತ್ರ ನೋಡಿದ ಕಣ್ಣಿಗೆ ಇದು ಹೊಳೆಯಲಿಲ್ಲ.

ಸ್ಯಾಂಪಲ್ ಬಂತು. ನುಚ್ಚಕ್ಕಿಯಷ್ಟು ಸಣ್ಣ ಕೆಂಪು ಚೂರು. ಮಿಲ್ಲಿನ ಯಂತ್ರದ ಬಿಡಿಭಾಗ ತರಲು ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿಗೆ ಹೋದಾಗ ಅದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ರತ್ನ ಪರೀಕ್ಷಿಸುವ ಒಂದು ಕೇಂದ್ರದಲ್ಲಿ ಕೊಟ್ಟರು. ಅಪ್ಪಟ ಮಾಣಿಕ್ಯ ಎಂದು ವರದಿ ಬಂತು. ಆ ವರದಿಯನ್ನು ವಾರವಿಡೀ ಕಚೇರಿಯ ಮೇಜಿನ ಗಾಜಿನಡಿ ಇಟ್ಟಿದ್ದರು. ಬಂದವರಿಗೆಲ್ಲ ತೋರಿಸಿ, "ಜೈಪುರದವ್ರಾದ್ರೇನು, ನಮ್ಮ ಮುಂದ ಆಟ ನಡ್ಯಂಗಿಲ್ಲ" ಎನ್ನುತ್ತಿದ್ದರು.

ಉಳಿದದ್ದು ಬೇಗ ನಡೆಯಿತು. ಕಾರ್ಡಿನಲ್ಲಿ ಕೊಟ್ಟರೆ ಬ್ಯಾಂಕಿನ ಖರ್ಚು ಬೀಳುತ್ತದೆ, ಖಾತೆಗೆ ನೇರ ಹಾಕಿದರೆ ನೂರಕ್ಕೆ ಮೂರು ಕಡಿಮೆ ಎಂದ ಸೇಠ್. ರೊಕ್ಕಕ್ಕೆ ರಿಯಾಯಿತಿ ಕೊಡುವುದು ಕಂಪ್ಲಿಯಲ್ಲಿಯೂ ರೂಢಿ. ಕೊಟ್ರಬಸಪ್ಪನವರು ಅದನ್ನು ನೂರಕ್ಕೆ ನಾಲ್ಕಕ್ಕೆ ಏರಿಸಿ, ಗೆದ್ದ ಸಂತೋಷದಲ್ಲಿ ಪೂರ್ತಿ ಹಣ ಕಳಿಸಿದರು. ಕಾರ್ಡಿನಲ್ಲಿ ಕೊಟ್ಟಿದ್ದರೆ ಬ್ಯಾಂಕಿನ ಮುಂದೆ ತಕರಾರು ಹಾಕಿ ಹಣ ಹಿಂದಕ್ಕೆ ಎಳೆಯಲು ಒಂದು ದಾರಿಯಾದರೂ ಇರುತ್ತಿತ್ತು. ಆ ದಾರಿಯನ್ನು ಅವರು ನೂರಕ್ಕೆ ನಾಲ್ಕರ ಲೆಕ್ಕದಲ್ಲಿ ಮಾರಿದರು.

ಪಾರ್ಸೆಲ್ ಬಂದಾಗ ಬಿಚ್ಚಲಿಲ್ಲ. ಶುಭ ಗಳಿಗೆಯಲ್ಲೇ ತೆರೆಯಬೇಕು ಎಂದು ಜ್ಯೋತಿಷಿ ಹೇಳಿದ್ದರು. ಒಪ್ಪಿಗೆಯಾಗದಿದ್ದರೆ ವಾರದೊಳಗೆ ವಾಪಸ್ ಎಂಬ ಗಡುವಿನ ಬಹುಪಾಲು, ಪಾರ್ಸೆಲ್ಲು ದೇವರ ಕೋಣೆಯಲ್ಲಿ ಕುಂಕುಮ ಹಚ್ಚಿಸಿಕೊಂಡು ಕಳೆಯಿತು. ತೆರೆದಾಗ ಒಳಗೆ ಅವರೆಕಾಳಿನಷ್ಟು ಕೆಂಪು ಕಲ್ಲೂ, ಪ್ಲಾಸ್ಟಿಕ್ಕಿನ ಒಂದು ಪ್ರಮಾಣಪತ್ರವೂ ಇದ್ದವು. ಪ್ರಮಾಣಪತ್ರದ ಮೂಲೆಯ ಚೌಕಕ್ಕೆ ಫೋನ್ ಹಿಡಿದರೆ ಅದೇ ಕಲ್ಲಿನ ಫೋಟೊ ತೆರೆಯುತ್ತಿತ್ತು. ಆ ಪುಟವನ್ನು ನಡೆಸುವವರು ಯಾರು ಎಂದು ಕೊಟ್ರಬಸಪ್ಪನವರು ಕೇಳಿಕೊಳ್ಳಲಿಲ್ಲ. ಫೋಟೊ ಬಂತಲ್ಲ, ಸಾಕಾಯಿತು. ಬೆಂಗಳೂರಿನ ಅದೇ ಪರೀಕ್ಷಾ ಕೇಂದ್ರಕ್ಕೆ ಈ ಕಲ್ಲನ್ನೂ ಒಯ್ಯಬಹುದಿತ್ತು. ಸ್ಯಾಂಪಲ್ ಪಾಸಾದ ಮೇಲೆ ಲೋಡನ್ನು ಯಾರು ಮತ್ತೆ ಪರೀಕ್ಷೆಗೆ ಕಳಿಸುತ್ತಾರೆ?

ರಥಸಪ್ತಮಿ ಹತ್ತಿರ ಬಂದಿತ್ತು. ಕಲ್ಲನ್ನು ಹೊಸಪೇಟೆಯ ಅಕ್ಕಸಾಲಿ ಪತ್ತಾರನ ಬಳಿ ಕೊಟ್ಟು ಉಂಗುರಕ್ಕೆ ಕೂಡಿಸಿದರು. ಪತ್ತಾರ ಕೆಲಸಕ್ಕೆ ಮೊದಲೇ ಹೇಳಿದ: "ಬಂಗಾರಕ್ಕ ನಾ ಜವಾಬ್ದಾರ್ರೀ. ಕಲ್ಲು ನೀವು ತಂದಿದ್ದು."

"ಯಾಕ, ಅನುಮಾನೇನು?"

"ಅನುಮಾನ ಇಲ್ರಿ. ಜವಾಬ್ದಾರಿನೂ ಇಲ್ಲ."

ಕಲ್ಲನ್ನು ಬಿಡಿಯಾಗಿದ್ದರೆ ಮಾತ್ರ ವಾಪಸ್ ತೆಗೆದುಕೊಳ್ಳುವುದು ಎಂಬ ಷರತ್ತು ಸೇಠ್‌ನ ಬಿಲ್ಲಿನಲ್ಲಿ ಇತ್ತು. ಬಂಗಾರದ ಹಲ್ಲುಗಳು ಕಲ್ಲನ್ನು ಕಚ್ಚಿಕೊಂಡ ಆ ಕ್ಷಣಕ್ಕೆ ವ್ಯವಹಾರ ಮುಗಿದಿತ್ತು. ರಥಸಪ್ತಮಿಯ ಬೆಳಿಗ್ಗೆ, ಹಸಿ ಹಾಲಿನಲ್ಲಿ ಅದ್ದಿದ ಉಂಗುರವನ್ನು ತುಂಗಭದ್ರೆಯ ದಂಡೆಯಲ್ಲಿ ಧರಿಸಿ, ಉದಯಿಸುವ ಸೂರ್ಯನಿಗೆ ತೋರಿಸಿದರು. ಆ ಫೋಟೊವನ್ನು ಸೇಠ್‌ಗೂ ಕಳಿಸಿದರು. ಅವನು ಕೈ ಮುಗಿದ ಚಿತ್ರಗಳನ್ನು ಸಾಲಾಗಿ ಕಳಿಸಿದ.

ಮುಂದೆ ನಡೆದದ್ದು ಅವರ ದುರದೃಷ್ಟ. ಉಂಗುರ ಕೆಲಸ ಮಾಡಿತು.

ಅಧ್ಯಕ್ಷಗಿರಿಗೆ ನಿಲ್ಲಬೇಕಾಗಿದ್ದ ಇಬ್ಬರಲ್ಲಿ ಒಬ್ಬರು ಮಂಡಿಯ ಆಪರೇಷನ್ ಮಾಡಿಸಿಕೊಂಡು ಮಲಗಿದ್ದರು. ಇನ್ನೊಬ್ಬರು ಕಾರ್ಯದರ್ಶಿಯ ಜೊತೆ ಸಭೆಯ ಊಟದ ವಿಷಯಕ್ಕೆ ಮುನಿಸಿಕೊಂಡು ನಾಮಪತ್ರ ಹಾಕಲಿಲ್ಲ. ಕೊಟ್ರಬಸಪ್ಪನವರು ಅವಿರೋಧವಾಗಿ ಆಯ್ಕೆಯಾದರು. ಮಂಡಿಯ ಬಗ್ಗೆಯಾಗಲಿ ಊಟದ ಬಗ್ಗೆಯಾಗಲಿ ಊರಿನವರು ಮಾತಾಡಲಿಲ್ಲ. ಎಲ್ಲರ ಕಣ್ಣೂ ಉಂಗುರದ ಮೇಲೆ. ಬಸ್ ನಿಲ್ದಾಣದ ಚಹದಂಗಡಿಯಲ್ಲಿ ಆ ಕಲ್ಲಿನ ಬೆಲೆ ದಿನಕ್ಕೆ ಒಂದಿಷ್ಟು ಏರುತ್ತಿತ್ತು.

ಶಿವರಾತ್ರಿಯ ಮುನ್ನ ಚೆನ್ನಬಸಮ್ಮ ದೇವರ ಸಾಮಾನು ಬೆಳಗಲು ಕೂತರು. ಹಿತ್ತಾಳೆಯ ದೀಪ, ತಾಮ್ರದ ತಂಬಿಗೆ, ಗಂಟೆ ಎಲ್ಲವನ್ನೂ ಹುಣಸೆಹಣ್ಣಿನ ನೀರಿನಲ್ಲಿ ನೆನೆಹಾಕಿದರು. ಗಂಡ ಸ್ನಾನಕ್ಕೆ ಹೋಗುವಾಗ ಪೂಜೆಯ ತಟ್ಟೆಯಲ್ಲಿ ಬಿಚ್ಚಿಟ್ಟ ಉಂಗುರವೂ ಅದರ ಜೊತೆ ಬಿತ್ತು. ಅದೂ ದೇವರ ಸಾಮಾನೇ ಆಗಿಹೋಗಿತ್ತು. ಅಷ್ಟರಲ್ಲಿ ಪಕ್ಕದ ಮನೆಯವರು ಮಾತಿಗೆ ಬಂದರು. ಮಾತು ಮುಗಿದು, ಅವರು ಹೋಗಿ, ಚೆನ್ನಬಸಮ್ಮ ತಿರುಗಿ ಬಂದು ಕೈ ಹಾಕಿದಾಗ ಹೊತ್ತು ಬಹಳ ಆಗಿತ್ತು.

"ರೀ, ನಿಮ್ಮ ಸೂರ್ಯಗ ಏನೋ ಆಗೇತಿ ನೋಡ್ರಿ."

"ಏನ್ ಆಗೇತಿ?"

"ಮೈತುಂಬ ಬಿರುಕು ಬಿಟ್ಟಾನ."

ಕಲ್ಲಿನ ಮೇಲೆ ಜೇಡರ ಬಲೆಯಂತೆ ಬಿಳಿ ಗೆರೆಗಳು ಎದ್ದಿದ್ದವು. ಹೊಳಪು ಹೋಗಿತ್ತು.

"ಏನ್ ಮಾಡ್ದಿ ಅದಕ್ಕ?"

"ಹುಣಸಿಹಣ್ಣಾಗ ಹಾಕಿದ್ದೆ. ದೀಪ, ತಂಬಿಗಿ ಎಲ್ಲಾ ಬೆಳಗಿದ್ವು. ಇದೊಂದ ಹಿಂಗಾತು. ಸೂರ್ಯಗ ಹುಳಿ ಆಗಿಬರಂಗಿಲ್ಲೇನು?"

ಈ ಸಲ ಕೊಟ್ರಬಸಪ್ಪನವರು ಬಿಡಿಭಾಗದ ನೆಪವಿಲ್ಲದೆ ಬೆಂಗಳೂರಿಗೆ ಹೋದರು. ಪರೀಕ್ಷಾ ಕೇಂದ್ರದವರು ಭೂತಗನ್ನಡಿಯಲ್ಲಿ ನೋಡಿ ವಿವರಿಸಿದರು. ಕಲ್ಲು ಪೂರ್ತಿ ಸುಳ್ಳಲ್ಲ. ಯಾರೂ ಮುಟ್ಟದ, ಒಳಗೆಲ್ಲ ಸೀಳಿದ ಕೀಳು ಮಾಣಿಕ್ಯವನ್ನು ತಂದು, ಸೀಳುಗಳಿಗೆ ಸೀಸದ ಗಾಜು ಕರಗಿಸಿ ತುಂಬಿ, ನಯ ಮಾಡಿದ್ದಾರೆ. ಹುಳಿ ಗಾಜನ್ನು ತಿಂದಿದೆ. ಬಿಡಿ ಕಲ್ಲಾಗಿದ್ದಾಗ ತಂದಿದ್ದರೆ ನೋಡಿದ ಕೂಡಲೇ ಹೇಳುತ್ತಿದ್ದೆವು ಎಂದರು. ವರದಿ ಬರೆದುಕೊಡಲೇ ಎಂದು ಕೇಳಿದರು. ಕೊಟ್ರಬಸಪ್ಪನವರು ಬೇಡ ಎಂದರು. ಈ ವರದಿಯನ್ನು ಮೇಜಿನ ಗಾಜಿನಡಿ ಇಡುವಂತಿರಲಿಲ್ಲ.

ಸೇಠ್ ಫೋನಿನಲ್ಲಿ ಬಹಳ ಸಮಾಧಾನದಿಂದ ಮಾತಾಡಿದ. ಉಂಗುರಕ್ಕೆ ಕೂಡಿಸಿದವರು ನೀವು, ಹುಳಿಯಲ್ಲಿ ಹಾಕಿದವರು ನೀವು. ಬಿಲ್ಲಿನಲ್ಲಿ ನಾನು 'ಕೆಂಪು ಕಲ್ಲು, ಒಂದು' ಎಂದು ಬರೆದಿದ್ದೇನೆ, ಕಲ್ಲು ಕೆಂಪಗಿರಲಿಲ್ಲವೇ? ಗಾಜು ತುಂಬಿಲ್ಲ ಎಂದು ಎಲ್ಲಿಯಾದರೂ ಬರೆದುಕೊಟ್ಟಿದ್ದೇನೆಯೇ? ನೀವು ಕೇಳಿದ್ದು ಸ್ಯಾಂಪಲ್. ಕಳಿಸಿದೆ.

ಕೊಟ್ರಬಸಪ್ಪನವರು ವಂಚನೆಯ ದೂರು ಕೊಡುವ ಸಂಖ್ಯೆಗೆ ಒಮ್ಮೆ ಕರೆ ಮಾಡಿದರು. ಆ ಕಡೆಯ ಹೆಣ್ಣುಮಗಳು ಬಹಳ ಮರ್ಯಾದೆಯಿಂದ, "ನಿಮ್ಮ ಹೆಸರು, ಊರು ಹೇಳಿ ಸರ್" ಎಂದಳು. ಅವರು ಫೋನ್ ಇಟ್ಟುಬಿಟ್ಟರು. ದೂರು ಕೊಟ್ಟರೆ ಹಣ ಬರಬಹುದು, ಬರದೆಯೂ ಇರಬಹುದು, ಹೆಸರಂತೂ ಹೋಗುತ್ತದೆ. ನಾಳೆ ಭತ್ತದ ಜಗಳದಲ್ಲಿ ಅಂಗೈ ಚಾಚಿದರೆ, ಗಾಜು ಯಾವುದು ಕಲ್ಲು ಯಾವುದು ತಿಳಿಯದವರು ಕಾಳು ಏನು ನೋಡುತ್ತಾರೆ ಎಂದು ಯಾವನಾದರೂ ನಕ್ಕರೆ ಮುಗಿಯಿತು.

ಉಂಗುರ ತೆಗೆದಿಟ್ಟರೆ ಏಕೆಂದು ಕೇಳುತ್ತಾರೆ. ಆದ್ದರಿಂದ ಕಲ್ಲನ್ನು ಅಂಗೈಯ ಕಡೆ ತಿರುಗಿಸಿ ಹಾಕಿಕೊಂಡರು, ಮುಷ್ಟಿ ಕಟ್ಟಿಕೊಂಡು ಓಡಾಡಿದರು. ಕೈ ಕುಲುಕಲು ಬಂದವರಿಗೆ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡತೊಡಗಿದರು. ಅಧ್ಯಕ್ಷರಾದ ಮೇಲೆ ಎಷ್ಟು ವಿನಯ ಬಂದಿದೆ ನೋಡಿ ಎಂದು ಜನ ಮೆಚ್ಚಿಕೊಂಡರು.

ಹೀಗೆಯೇ ನಡೆದುಹೋಗುತ್ತಿತ್ತೋ ಏನೋ, ಜಡೆಪ್ಪ ಬರದಿದ್ದರೆ.

ಜಡೆಪ್ಪ ಸಂಡೂರು ತಾಲ್ಲೂಕಿನ ಬಂಡ್ರಿಯವನು. ಸ್ವಂತ ಲಾರಿ ಒಂದಿತ್ತು. ಗಣಿಯಲ್ಲಿ ಅದಿರಿನ ಬಾಡಿಗೆ ಇಲ್ಲದ ದಿನಗಳಲ್ಲಿ ಕೊಟ್ರಬಸಪ್ಪನವರ ಮಿಲ್ಲಿನ ಅಕ್ಕಿ ಸಾಗಿಸುತ್ತಿದ್ದ. ಒಂದು ದಿನ ಲೋಡ್ ಆಗುವವರೆಗೆ ಎಂದು ಕಚೇರಿಯೊಳಗೆ ಬಂದು ಬಾಗಿಲ ಬಳಿಯ ಬೆಂಚಿನ ಮೇಲೆ ಕೂತ.

"ಸಾವ್ಕಾರ್ರೇ, ಆ ಜೈಪುರದವನ ನಂಬರ್ ಕೊಡ್ರಿ."

"ಯಾವನದು?"

"ಕಲ್ಲಿನವಂದು. ನಿಮ್ಗ ಅಧ್ಯಕ್ಷಗಿರಿ ಕೊಡಿಸ್ದನಲ್ಲ, ಅವಂದು."

"ನಿನಗ್ಯಾಕಲೇ ಮಾಣಿಕ್ಯ? ಲಾರಿ ಓಡಿಸವಗ ಡೀಸೆಲ್ ಇದ್ರ ಸಾಕು."

"ಎರಡ್ನೇ ಗಾಡಿ ಹಾಕ್ಬೇಕಂತೀನ್ರಿ. ಫೈನಾನ್ಸಿನವ್ರು ಇವತ್ತು ನಾಳೆ ಅಂತ ಆಟ ಆಡಸ್ತಾರ. ರವಿ ಬಲ ಇಲ್ಲಂತ ನನಗೂ."

"ರೊಕ್ಕ ಎಲ್ಲೈತಿ?"

"ರೇಣುಕಾನ ಸರ ಐತಲ್ರಿ. ಮಾರಿಬಿಡ್ತೀನಿ. ಗಾಡಿ ಬಂದ್ರ ಅಂಥಾವು ನಾಕು ಮಾಡಿಸಬೋದು."

ರೇಣುಕಮ್ಮ ಅವನ ಹೆಂಡತಿ. ಬಂಡ್ರಿಯಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದಳು. ಸರ ಅವಳ ಸ್ವಂತ ದುಡಿಮೆಯದು. ಕೊಟ್ರಬಸಪ್ಪನವರಿಗೆ ಇದು ಗೊತ್ತಿತ್ತು. ನಂಬರ್ ಹುಡುಕಬೇಕು, ಫೋನ್ ಬದಲಾಗಿದೆ ಎಂದು ಏನೋ ಹೇಳಿ ಅವನನ್ನು ಸಾಗಹಾಕಿದರು. ಗುಮಾಸ್ತನ ಫೋನಿನಲ್ಲಿ ಅದೇ ನಂಬರ್ ಇರುವುದು ಅವರಿಗೆ ನೆನಪಾಗಲಿಲ್ಲ.

ಮುಂದಿನ ಬಾಡಿಗೆಗೆ ಬಂದಾಗ ಜಡೆಪ್ಪನ ಮುಖ ಅರಳಿತ್ತು.

"ಸೇಠ್ ಭಾಳ ಚಲೋ ಮನಷ್ಯಾ ರೀ. ಕಂಪ್ಲಿ ಕಡೆಯವ್ರು ಅಂದ ಕೂಡ್ಲೇ, ಕೇಳೂದ್ರಾಗ ಸ್ಯಾಂಪಲ್ ಕಳಿಸ್ತೀನಿ ಅಂದ. ನಿಮ್ಮ ಫೋಟೊನೂ ಹಾಕ್ಯಾನ ನೋಡ್ರಿ, ಜಾಹೀರಾತಿನ್ಯಾಗ."

ಫೋನಿನಲ್ಲಿ ತುಂಗಭದ್ರೆಯ ದಂಡೆ, ಉದಯಿಸುವ ಸೂರ್ಯ, ಉಂಗುರದ ಕೈ ಎತ್ತಿದ ಕೊಟ್ರಬಸಪ್ಪನವರು. ಕೆಳಗೆ ಹಿಂದಿಯಲ್ಲಿ, ಮೊದಲು ಸ್ಯಾಂಪಲ್, ಆಮೇಲೆ ನಂಬಿಕೆ ಎಂದು ಬರೆದಿತ್ತು. ತಾವು ಕಲಿಸಿದ ವಿದ್ಯೆಯನ್ನು ಶಿಷ್ಯ ಊರೂರಿಗೆ ಒಯ್ದಿದ್ದ. ಅವರ ಹೆಸರು ಈಗ ಅವರ ಕೈಯಲ್ಲಿ ಇರಲೂ ಇಲ್ಲ. ಅದನ್ನು ಜೈಪುರದಲ್ಲಿ ಒಬ್ಬ ಚಿಲ್ಲರೆಯಾಗಿ ಮಾರುತ್ತಿದ್ದ.

ಕಚೇರಿಯಲ್ಲಿ ಗುಮಾಸ್ತನಿದ್ದ, ಹಮಾಲ ತಾಯಪ್ಪನಿದ್ದ, ದರೋಜಿಯಿಂದ ಭತ್ತದ ರೇಟು ಕೇಳಲು ಬಂದ ರೈತ ಪಕ್ಕೀರಪ್ಪನಿದ್ದ. ಕೊಟ್ರಬಸಪ್ಪನವರು ಉಂಗುರವನ್ನು ಬೆರಳಿನಿಂದ ಎಳೆದು ಮೇಜಿನ ಮೇಲಿಟ್ಟರು.

"ನೋಡ್ರಿ. ಇದು ಗಾಜು. ನಾ ಮೋಸ ಹೋಗೀನಿ. ಜಡೆಪ್ಪ, ಸರ ಮಾರಬ್ಯಾಡ."

ಮೊದಲು ನಕ್ಕವನು ಪಕ್ಕೀರಪ್ಪ.

"ನೀವು ಮೋಸ ಹೋಗದಂದ್ರ ಏನ್ರಿ ಸಾವ್ಕಾರ್ರೇ? ನನ್ನ ಭತ್ತದಾಗ ಒಂದು ಜೊಳ್ಳು ಬಿಟ್ಟಿಲ್ಲ ನೀವು."

"ಕಲ್ಲು ನೋಡ್ರಿ. ಬಿರುಕು ನೋಡ್ರಿ. ಹುಣಸಿಹಣ್ಣಾಗ ಬಿದ್ದು ಹಿಂಗಾಗೇತಿ."

ತಾಯಪ್ಪ ಬಗ್ಗಿ ನೋಡಿ, ಎರಡೂ ಕೆನ್ನೆ ತಟ್ಟಿಕೊಂಡ. "ನಿಮ್ಮ ಪೀಡಾ ಎಲ್ಲಾ ಎಳಕೊಂಡೈತ್ರಿ ಇದು. ಅದಕ್ಕ ಒಡದೈತಿ. ಇಂಥ ಜೋರಿನ ಕಲ್ಲು ನಾ ನೋಡಿಲ್ಲ."

"ಪೀಡಾ ಅಲ್ಲಲೇ, ಸೀಸದ ಗಾಜು."

"ಗಾಜಿಗೆ ಅಧ್ಯಕ್ಷಗಿರಿ ಬರ್ತೈತೇನ್ರಿ?" ಎಂದ ಜಡೆಪ್ಪ. ಅವನ ದನಿ ಬದಲಾಗಿತ್ತು. "ನಿಮ್ಗ ಬಂದ್ರ ಬರಲಿ, ನಮ್ಗ ಬರಬಾರ್ದು. ಹೌದಿಲ್ರಿ? ಎರಡು ಗಾಡಿ ಆದ್ರ ಜಡೆಪ್ಪ ಬಾಡಿಗಿ ಏರಸ್ತಾನ ಅಂತ."

ಮೋಸ ಹೋಗಿದ್ದೇನೆ ಎಂದು ಒಪ್ಪಿಕೊಳ್ಳಲು ಕೊಟ್ರಬಸಪ್ಪನವರಿಗೆ ಎಷ್ಟು ಕಷ್ಟವಾಗಿತ್ತೋ, ಅದನ್ನು ನಂಬಲು ಕೇಳುತ್ತಿದ್ದವರಿಗೂ ಅಷ್ಟೇ ಕಷ್ಟವಾಯಿತು. ನಲವತ್ತು ವರ್ಷ ಕಟ್ಟಿದ ಹೆಸರು ಎದುರಿಗೆ ಗೋಡೆಯಂತೆ ನಿಂತಿತ್ತು.

ಕೊನೆಗೆ ಅವರು ಜಡೆಪ್ಪನ ಫೋನ್ ಇಸಿದುಕೊಂಡು, ಎಲ್ಲರಿಗೂ ಕೇಳುವಂತೆ ಸೇಠ್‌ಗೆ ಕರೆ ಮಾಡಿದರು. ಈ ಸಲ ಸ್ಯಾಂಪಲ್ ಬೇಡ ಎಂದರು. ಕೊಳ್ಳುವ ಕಲ್ಲನ್ನೇ, ಉಂಗುರಕ್ಕೆ ಕೂಡಿಸದೆ, ನಾವು ಹೇಳುವ ಪರೀಕ್ಷಾ ಕೇಂದ್ರಕ್ಕೆ ಕಳಿಸು, ಖರ್ಚು ನಮ್ಮದು. ವರದಿಯ ಸಂಖ್ಯೆಯನ್ನು ನಾವು ಆ ಕೇಂದ್ರಕ್ಕೇ ಕೇಳಿ ತಾಳೆ ನೋಡುತ್ತೇವೆ, ನಿನ್ನ ಪ್ರಮಾಣಪತ್ರದ ಚೌಕಕ್ಕೆ ಫೋನ್ ಹಿಡಿಯುವುದಿಲ್ಲ. ಬಿಲ್ಲಿನಲ್ಲಿ ಮಾಣಿಕ್ಯ ಎಂದು, ತೂಕ ಇಷ್ಟು ಎಂದು, ಗಾಜು ತುಂಬಿಲ್ಲ ಎಂದು ಬರೆ. ಪಾರ್ಸೆಲ್ಲಿಗೆ ಪೂರ್ತಿ ಬೆಲೆಯ ವಿಮೆ ಇರಲಿ. ಹಣ ಕಾರ್ಡಿನಲ್ಲಿ, ರಿಯಾಯಿತಿ ಬೇಡ. ವಾಪಸ್ಸಿನ ಗಡುವು ವರದಿ ಬಂದ ದಿನದಿಂದ.

ಸೇಠ್ ಪೂರ್ತಿ ಕೇಳಿಸಿಕೊಂಡ. ವಿಚಾರ ಮಾಡಿ ಹೇಳುತ್ತೇನೆ ಎಂದ. ಅಂದು ಸಂಜೆಯಿಂದ ಜಡೆಪ್ಪನ ನಂಬರಿನಿಂದ ಅವನಿಗೆ ಕರೆ ಹೋಗಲಿಲ್ಲ, ಕೊಟ್ರಬಸಪ್ಪನವರದ್ದರಿಂದಲೂ ಹೋಗಲಿಲ್ಲ. ಜಾಹೀರಾತಿನಿಂದ ಅವರ ಫೋಟೊ ಕೂಡ ಮಾಯವಾಯಿತು.

ಇದನ್ನು ನೋಡಿದರೆ ಜಡೆಪ್ಪನ ಕಣ್ಣು ತೆರೆಯುತ್ತದೆ ಎಂದು ಅವರು ತಿಳಿದಿದ್ದರು. ಜಡೆಪ್ಪ ಚಹದಂಗಡಿಯಲ್ಲಿ ಹೇಳಿದ್ದು ಬೇರೆ. ಬಾಗಿಲಿಗೆ ಬಂದ ಅದೃಷ್ಟವನ್ನು ಅಧ್ಯಕ್ಷರು ಒದ್ದು ಓಡಿಸಿದರು. ಒಳ್ಳೆಯ ಮನುಷ್ಯನಿಗೆ ಪೊಲೀಸರ ಹಾಗೆ ಪ್ರಶ್ನೆ ಕೇಳಿದರೆ ಅವನಾದರೂ ಏನು ಮಾಡಬೇಕು? ಕೇಳಿದವರೆಲ್ಲ ಹೌದೆಂದರು. ಕೆಲವರು ತಮಗೂ ನಂಬರ್ ಸಿಗಲಿಲ್ಲವಲ್ಲ ಎಂದು ಹೆಚ್ಚು ಜೋರಾಗಿ ಹೌದೆಂದರು.

ಬೇಸಿಗೆಯ ಭತ್ತ ಬಂದಾಗ ಒಂದು ಮಿಲ್ಲಿನಲ್ಲಿ ತೇವದ ಜಗಳ ಬಿತ್ತು. ರೂಢಿಯಂತೆ ಕೊಟ್ರಬಸಪ್ಪನವರು ಹೋದರು. ಭತ್ತ ತಂದಿದ್ದ ಪಕ್ಕೀರಪ್ಪ ಚೀಲದ ಮುಂದೆ ಬಂದು ನಿಂತ.

"ಅಧ್ಯಕ್ಷರಿಗ್ಯಾಕ ತ್ರಾಸು? ಮೀಟರ್ ಹಾಕ್ರಿ."

"ಯಾಕಪ್ಪ, ನನ್ನ ಕೈ ಬ್ಯಾಡೇನು?"

"ಕೈಗೆ ಏನೂ ಆಗಿಲ್ರಿ. ಇನ್ನೊಬ್ರಿಗೆ ಚಲೋ ಆಗೂದು ನಿಮಗ ಬೇಕಾಗಿಲ್ಲ ಅಂತಾರ, ಅಷ್ಟ."

ಮೀಟರ್ ತಂದರು. ಮೀಟರು ಇನ್ನೊಂದು ಬಿಸಿಲು ಬೇಕೆಂದು ತೋರಿಸಿತು. ಕೊಟ್ರಬಸಪ್ಪನವರು ಏನು ಹೇಳುತ್ತಿದ್ದರು ಎಂದು ಯಾರೂ ಕೇಳಲಿಲ್ಲ.

ಕೆಲವು ದಿನಗಳ ಮೇಲೆ ಜಡೆಪ್ಪ ಮತ್ತೆ ಮಿಲ್ಲಿಗೆ ಬಂದ. ಮಾತು ಬಿಟ್ಟಿದ್ದರೂ ಬಾಡಿಗೆ ಬಿಟ್ಟಿರಲಿಲ್ಲ. ಅಂದು ಬಾಗಿಲಲ್ಲೇ ನಿಂತು, ಫೋನನ್ನು ಮುಂದಕ್ಕೆ ಚಾಚಿದ. ಸೂರತ್ತಿನ ಒಬ್ಬ ವ್ಯಾಪಾರಿ. ಅವರೆಕಾಳಿಗಿಂತ ದೊಡ್ಡ ಕಲ್ಲು, ಜೈಪುರದವನಿಗಿಂತ ಕಡಿಮೆ ಬೆಲೆ, ಅದೇ ಕರಿ ಬಟ್ಟೆ.

"ಈ ಸಲ ನಿಮ್ಮನ್ನ ಕೇಳಾಕ ಬಂದಿಲ್ಲ. ತೋರ್ಸಾಕ ಬಂದೀನಿ. ಸರ ಲಾರ್ಯಾಗೈತಿ, ಹಂಗ ಹೊಸಪೇಟಿಗೆ ಹೊಂಟೀನಿ."

ಕೊಟ್ರಬಸಪ್ಪನವರು ಕನ್ನಡಕ ಹಾಕಿಕೊಂಡು ಚಿತ್ರವನ್ನು ಬಹಳ ಹೊತ್ತು ನೋಡಿದರು. ಬೇಡ ಎಂದರೆ ಏನಾಗುತ್ತದೆ ಎಂದು ಅವರಿಗೆ ತಿಳಿದಿತ್ತು. ನಿಜ ಹೇಳಿಯೂ ನೋಡಿದ್ದರು, ಸಾಕ್ಷಿ ತೋರಿಸಿಯೂ ನೋಡಿದ್ದರು. ಅವರ ಹತ್ತಿರ ಉಳಿದಿದ್ದುದು ಊರಿನವರು ಹೊಸದಾಗಿ ಕೊಟ್ಟ ಕೆಟ್ಟ ಹೆಸರು ಒಂದೇ.

"ಭಾಳ ಚಲೋ ಐತಿ" ಎಂದರು.

ಜಡೆಪ್ಪ ಫೋನನ್ನು ಸ್ವಲ್ಪ ಹಿಂದಕ್ಕೆ ತೆಗೆದುಕೊಂಡ.

"ಏನಂದ್ರಿ?"

"ಚಲೋ ಐತಿ ಅಂದೆ. ತಗೋ. ತಡ ಮಾಡಬ್ಯಾಡ, ಇವತ್ತ ರೊಕ್ಕ ಹಾಕಿಬಿಡು. ಕಡಿಮಿ ಬಿದ್ರ ಹೇಳು, ನಾ ಕೊಡ್ತೀನಿ."

"ನೀವ್ಯಾಕ ಕೊಡ್ತೀರಿ?"

"ನಿನಗ ಚಲೋ ಆಗ್ಲಿ ಅಂತ."

ಜಡೆಪ್ಪ ಅವರ ಮುಖವನ್ನು ನೋಡಿದ, ಚಿತ್ರವನ್ನು ನೋಡಿದ, ಮತ್ತೆ ಮುಖವನ್ನು ನೋಡಿದ. ಫೋನನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಗುಂಡಿ ಹಾಕಿದ.

"ಸಾವ್ಕಾರ್ರೇ, ನಾ ಅಷ್ಟು ದಡ್ಡ ಅಲ್ರಿ."

ಲಾರಿಗೆ ಕೊನೆಯ ಚೀಲ ಏರಿತು. ಜಡೆಪ್ಪ ಹೊಸಪೇಟೆಯಲ್ಲಿ ಅಕ್ಕಿ ಇಳಿಸಿ, ಬಂಗಾರದ ಬಜಾರಿನ ಕಡೆಗೆ ತಿರುಗದೆ ನೇರ ಊರಿಗೆ ಹೋದ. ಸರವನ್ನು ರೇಣುಕಮ್ಮನ ಕೈಗೆ ಕೊಟ್ಟು, ಆ ಮುದುಕ ತಗೋ ಅಂದ ಮೇಲೆ ಅದರಲ್ಲಿ ಏನೋ ಇದೆ ಎಂದ. ಅವಳು ಸರವನ್ನು ಕೊರಳಿಗೆ ಹಾಕಿಕೊಂಡು, ಅಂಥವರ ಸಹವಾಸ ಬೇಡ ಎಂದು ಗಂಡನಿಗೆ ಬುದ್ಧಿ ಹೇಳಿದಳು.